ಕನ್ನಡಕದಕ್ಕ ಪಿಟ್ಟಿಗೆ ಇಳಿದದ್ದು

ಕಣ್ಣಿನ ಪರೀಕ್ಷೆಯಲ್ಲೂ ಪಾಸು-ಫೇಲು ಇರುತ್ತದೆ ಎಂದು ನಾನು ಇಪ್ಪತ್ಮೂರು ವರ್ಷ ತುಂಬುವವರೆಗೂ ನಂಬಿದ್ದೆ. ಶಾಲೆಯಲ್ಲಿ ಗಿಟ್ಟದ ಮಾರ್ಕು ಇಲ್ಲಾದರೂ ಗಿಟ್ಟಲಿ ಎಂದು, ಕನ್ನಡಕದ ಅಂಗಡಿಯಲ್ಲಿ ಸರದಿಗೆ ಕಾಯುವಾಗ ನೀರು ಕುಡಿಯುವ ನೆಪದಲ್ಲಿ ಎರಡು ಸಲ ಒಳಗೆ ಹೋಗಿ, ಗೋಡೆಯ ಮೇಲಿನ ಅಕ್ಷರಪಟ್ಟಿಗೆ ಮೂಗು ತಾಗಿಸಿ, ಕೊನೆಯ ಎರಡು ಸಾಲುಗಳನ್ನು ಬಾಯಿಪಾಠ ಮಾಡಿಕೊಂಡೆ. ಕುರ್ಚಿಯಲ್ಲಿ ಕೂರಿಸಿದ ಕೂಡಲೇ ಮಗ್ಗಿ ಒಪ್ಪಿಸಿದ ಹಾಗೆ ಗಡಗಡ ಒಪ್ಪಿಸಿದೆ. ಅಷ್ಟರಲ್ಲಿ ಅಂಗಡಿಯಾಕೆ ಪಟ್ಟಿಯ ಇನ್ನೊಂದು ಮುಖ ತಿರುಗಿಸಿದ್ದರು. ಅದರಲ್ಲಿದ್ದದ್ದು ಬರೀ ಅಂಕಿಗಳು.

"ತಮ್ಮಾ, ಇಲ್ಲಿ ರ‍್ಯಾಂಕು ಕೊಡಲ್ಲ. ಕಾಣದೇ ಇದ್ರೆ ಕಾಣಲ್ಲ ಅನ್ನು. ನಿನ್ನ ಕೆಲಸ ಅಷ್ಟೇ."

ಅವರೇ ಕನ್ನಡಕದಕ್ಕ. ಅವರಿಗಿಂತ ಹಿರಿಯರೂ ಹಾಗೇ ಕರೆಯುತ್ತಾರೆ. ಮೊದಲ ಹದಿನಾರು ವರ್ಷ ಅವರು ಅದೇ ಅಂಗಡಿಯ ಹಿಂದಿನ ಕೋಣೆಯಲ್ಲಿ ಗ್ಲಾಸಿನ ಅಂಚು ಉಜ್ಜುವ ಚಕ್ರದ ಮುಂದೆ ಕೂತಿದ್ದವರು. ಗೋಡೆಯ ಕಿಂಡಿಯಿಂದ ನಂಬರಿನ ಚೀಟಿ ಒಳಗೆ ಬರುತ್ತಿತ್ತು, ಗ್ಲಾಸು ಹೊರಗೆ ಹೋಗುತ್ತಿತ್ತು. ಹೋದವುಗಳಲ್ಲಿ ಎಷ್ಟೋ ತಿರುಗಿ ಬರುತ್ತಿದ್ದವು: ಒಬ್ಬರಿಗೆ ತಲೆ ಸುತ್ತು, ಒಬ್ಬರಿಗೆ ಮೆಟ್ಟಿಲು ಕಾಣದು. ಅಳೆದು ನೋಡಿದರೆ ನಂಬರು ಸರಿಯಾಗೇ ಇರುತ್ತಿತ್ತು. "ಚೀಟೀಲಿ ನಂಬರ್ ಇತ್ತು, ಮನುಷ್ಯನೇ ಇರ್ಲಿಲ್ಲ" ಎಂದು ಅಕ್ಕ ಆ ಕಾಲವನ್ನು ನೆನೆಯುತ್ತಾರೆ.

ಹಳೆಯ ಮಾಲೀಕರು ಅಂಗಡಿಯನ್ನು ಅವರ ಕೈಗೆ ಕೊಟ್ಟ ದಿನದಿಂದ ಅಲ್ಲೊಂದು ಹೊಸ ಪದ್ಧತಿ ಬಂತು. ಕಣ್ಣು ಪರೀಕ್ಷೆ ಮುಗಿದ ಮೇಲೆ ಅಂಗಡಿಯ ನಡುವೆ ನಿಂತು, ದಿನವಿಡೀ ಮಾಡುವ ಕೆಲಸವನ್ನು ಬರಿಗೈಯಲ್ಲಿ ಮಾಡಿ ತೋರಿಸಬೇಕು. ಲಾರಿ ಡ್ರೈವರು ಗಾಳಿಯಲ್ಲಿ ಸ್ಟೇರಿಂಗ್ ತಿರುಗಿಸುತ್ತಾನೆ, ಎದುರು ಗಾಡಿಯ ಲೈಟಿಗೆ ಕಣ್ಣು ಕಿರಿದು ಮಾಡುತ್ತಾನೆ. ಅವನಿಗೆ ಪ್ರತಿಫಲನ ತಗ್ಗಿಸುವ ಲೇಪನದ ಗ್ಲಾಸು. ಟೀಚರಮ್ಮ ಒಮ್ಮೆ ಬೋರ್ಡು, ಒಮ್ಮೆ ಪುಸ್ತಕ, ಒಮ್ಮೆ ಕೊನೆಯ ಬೆಂಚಿನ ತುಂಟನನ್ನು ನೋಡುತ್ತಾರೆ. ಅವರಿಗೆ ಮೂರು ದೂರಕ್ಕೂ ಆಗುವಂಥದ್ದು. ಕೊರಳಿಗೆ ಟೇಪು ಹಾಕಿಕೊಂಡ ಅಕ್ಕ ಕಣ್ಣಿನಿಂದ ಕೈಗೆ ಎಷ್ಟು ದೂರವೆಂದು ಅಳೆದು ಬರೆದುಕೊಳ್ಳುತ್ತಾರೆ.

ನಾನು ಪಾರ್ಸಲ್ ಆಫೀಸಿನಲ್ಲಿ ವಿಳಾಸ ಟೈಪ್ ಮಾಡುವವನು. ಮೊಣಕಾಲ ಮೇಲೆ ಟೈಪ್ ಮಾಡಿ ತೋರಿಸುತ್ತಾ, ಅಭ್ಯಾಸಬಲದಿಂದ ಆಕಳಿಸಿಯೂಬಿಟ್ಟೆ.

"ಆಕಳಿಕೆಗೆ ನನ್ನ ಹತ್ರ ಗ್ಲಾಸಿಲ್ಲ" ಎಂದರು. ಜಾಹೀರಾತಿನಲ್ಲಿ ಕಂಡ ದುಬಾರಿ ಗ್ಲಾಸು ಕೇಳಿದ್ದಕ್ಕೆ, "ನಿನ್ನ ವಯಸ್ಸಿಗೆ ಒಂದೇ ನಂಬರ್ ಸಾಕು, ಹತ್ತಿರದ್ದನ್ನ ನಿನ್ನ ಕಣ್ಣೇ ನೋಡ್ಕೊಳ್ಳುತ್ತೆ. ಇರುವೆಗೆ ಅಂಬಾರಿ ಯಾಕೆ?" ಎಂದು ಸಾದಾ ಗ್ಲಾಸು ಕೊಟ್ಟು ಕಳಿಸಿದರು.

ಆ ಗ್ಲಾಸಿನಲ್ಲಿ ಲೋಕ ಎಷ್ಟು ಚೆನ್ನಾಗಿ ಕಂಡಿತೆಂದರೆ, ನಾನು ಮನೆಮಂದಿಗೆಲ್ಲ ಅಕ್ಕನ ಗುಣಗಾನ ಶುರುಮಾಡಿದೆ. ಸಿಕ್ಕಿಬಿದ್ದವರು ನಮ್ಮ ದೊಡ್ಡಪ್ಪ. ಅವರು ಬಸ್ ಗ್ಯಾರೇಜಿನಲ್ಲಿ ಮೂವತ್ತು ವರ್ಷದಿಂದ ಮೆಕ್ಯಾನಿಕ್. ಬಸ್ಸಿನ ಅಡಿಯಲ್ಲಿ ನಿಂತು ಕೆಲಸ ಮಾಡಲು ನೆಲದಲ್ಲಿ ತೋಡಿದ ಉದ್ದನೆಯ ಹಳ್ಳವಿರುತ್ತದಲ್ಲ, ಆ ಪಿಟ್ಟೇ ಅವರ ಆಫೀಸು. ಬೇರೆಯವರು ಬಸ್ಸನ್ನು ಬೋರ್ಡು ನೋಡಿ ಗುರುತಿಸಿದರೆ ಇವರು ಹೊಟ್ಟೆ ನೋಡಿ ಗುರುತಿಸುತ್ತಾರೆ.

ದೊಡ್ಡಪ್ಪ ಇಸ್ತ್ರಿ ಶರ್ಟು ತೊಟ್ಟು, ದೊಡ್ಡಮ್ಮನ ಜೊತೆ ಅಂಗಡಿಗೆ ಹೋದರು. "ಕೆಲಸ ಮಾಡಿ ತೋರ್ಸಿ" ಎಂದಾಗ, ಹೆಂಡತಿಯ ಎದುರು, ಹತ್ತು ಜನರ ನಡುವೆ ಕತ್ತೆತ್ತಿ ನಟ್ಟು ತಿರುಗಿಸಲು ನಾಚಿಕೆಯಾಗಿ, ಕಾಲ ಮೇಲೆ ಕಾಲು ಹಾಕಿ, ಇಲ್ಲದ ಪೇಪರನ್ನು ಬಿಡಿಸಿ ಗಂಭೀರವಾಗಿ ಓದಿದರು. ಓದುವವರಿಗೆ ತಕ್ಕ ಕನ್ನಡಕವೇ ಬಂತು: ಮೇಲಿನ ಭಾಗ ದೂರಕ್ಕೆ, ಕೆಳಗಿನ ಪುಟ್ಟ ಕಿಟಕಿ ಹತ್ತಿರಕ್ಕೆ.

ಪಿಟ್ಟಿನಲ್ಲಿ ಹತ್ತಿರದ್ದೆಲ್ಲ ಇರುವುದು ತಲೆಯ ಮೇಲೆ. ಕತ್ತೆತ್ತಿದರೆ ನಟ್ಟುಗಳೆಲ್ಲ ಮಂಜು. ಎರಡು ದಿನ ಒದ್ದಾಡಿದ ದೊಡ್ಡಪ್ಪ ಮೂರನೆಯ ದಿನ ಕನ್ನಡಕವನ್ನು ತಲೆಕೆಳಗು ಮಾಡಿ, ಹಳೇ ಟ್ಯೂಬಿನ ರಬ್ಬರಿನಿಂದ ಬುರುಡೆಗೆ ಬಿಗಿದುಕೊಂಡು ಕೆಲಸಕ್ಕೆ ಇಳಿದರು.

"ಮೇಸ್ತ್ರೀ, ನಾಳೆ ಪ್ಯಾಂಟೂ ಹೀಗೇ ಹಾಕ್ಕೊಂಡು ಬರ್ತೀರಾ?" ಎಂದು ಗ್ಯಾರೇಜಿಗೆ ಗ್ಯಾರೇಜೇ ನಕ್ಕಿತು. ಅವತ್ತು ಬುತ್ತಿ ಕೊಡಲು ಹೋಗಿದ್ದ ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ.

ಮರುವಾರ ಅವರು ಬಿಗಿದ ಒಂದು ನಟ್ಟು ಸೊಟ್ಟ ಕೂತು, ಅಂಗಳದಲ್ಲಿ ಬಸ್ಸು ಓಡಿಸಿ ನೋಡುವಾಗಲೇ ಕಳಚಿ ಬಿತ್ತು. ಫೋರ್‌ಮನ್ ಕಿರುಚಾಡಲಿಲ್ಲ, ಕಿರುಚಿದ್ದರೇ ವಾಸಿಯಿತ್ತು. "ಸೋಮವಾರ ನಾನೇ ನಿಂತು ನೋಡ್ತೀನಿ ಮೇಸ್ತ್ರಿ. ಕಣ್ಣು ಆಗಲ್ಲ ಅಂದ್ರೆ ಮೇಲೆ ಬಂದು ಟೈರಿಗೆ ಗಾಳಿ ಹೊಡೀರಿ" ಎಂದರು. ದೊಡ್ಡಪ್ಪ ಆ ರಾತ್ರಿ ಊಟಕ್ಕೆ ಏಳಲಿಲ್ಲ.

ನಾನು ಅಕ್ಕನ ಅಂಗಡಿಗೆ ಹೋಗಿ, ತಲೆಕೆಳಗಾದ ಕನ್ನಡಕದಿಂದ ಫೋರ್‌ಮನ್ ಮಾತಿನವರೆಗೆ ಎಲ್ಲ ಹೇಳಿದೆ. ಕನ್ನಡಕದ ಪ್ರಸಂಗ ಹೇಳುವಾಗ ಸ್ವಲ್ಪ ನಕ್ಕೆ. ಅವರು ನಗಲಿಲ್ಲ.

"ತಿರುಗಿಸಿ ಹಾಕ್ಕೊಂಡ್ರಾ? ನಿಮ್ಮ ಮನೇಲಿ ಅವರೊಬ್ಬರಿಗಾದ್ರೂ ಬುದ್ಧಿ ಇದೆ ಕಣೋ. ನಡಿ."

ಹಾಡಹಗಲೇ ಅಂಗಡಿಗೆ ಬೀಗ ಹಾಕಿ, ಕೊರಳ ಟೇಪಿನ ಸಮೇತ ಗ್ಯಾರೇಜಿಗೆ ಬಂದು, ಎಣ್ಣೆ ಮೆತ್ತಿದ ಮೆಟ್ಟಿಲಿಳಿದು ಪಿಟ್ಟಿನಲ್ಲಿ ನಿಂತರು. ದೊಡ್ಡಪ್ಪ ಗಾಬರಿಯಿಂದ ಕನ್ನಡಕ ಕಿತ್ತು ಜೇಬಿಗೆ ತುರುಕಿಕೊಂಡರು.

"ಹಾಕ್ಕೊಳ್ಳಿ ಅಣ್ಣಾ, ಹೇಗಿತ್ತೋ ಹಾಗೇ. ಈಗ ಆ ನಟ್ಟು ಬಿಗೀರಿ."

ಟೇಪು ಕಣ್ಣಿನಿಂದ ನಟ್ಟಿಗೆ ಹೋಯಿತು. "ಇಪ್ಪತ್ತೆರಡು ಇಂಚು. ನಾನು ಕೊಟ್ಟಿದ್ದು ಹದಿನಾಲ್ಕಕ್ಕೆ. ತಿರುಗಿಸಿದ್ರಿಂದ ಜಾಗ ಸರಿಹೋಯ್ತು, ದೂರ ಸರಿಹೋಗ್ಲಿಲ್ಲ. ಸ್ಪ್ಯಾನರ್ ಮೇಲಿನ ಅಂಕಿ ಎಲ್ಲಿ ಹಿಡಿದು ಓದ್ತೀರಿ?"

ದೊಡ್ಡಪ್ಪ ಎದೆಯ ಹತ್ತಿರ ಹಿಡಿದು ತೋರಿಸಿದರು. ಅದನ್ನೂ ಅಳೆದರು. ಅಷ್ಟರಲ್ಲಿ ಮೇಲಿನಿಂದ ಒಂದು ಚೂರು ತುಕ್ಕು ಅಕ್ಕನ ಹುಬ್ಬಿನ ಮೇಲೇ ಉದುರಿತು. "ಇದು ಬೇರೆ. ಹಾಗಾದ್ರೆ ಒಡೆಯದ ಪ್ಲಾಸ್ಟಿಕ್ಕೇ ಆಗ್ಬೇಕು, ಪಕ್ಕಕ್ಕೂ ಮರೆ ಬೇಕು."

ಹೊಸ ಕನ್ನಡಕಕ್ಕೆ ಎರಡು ಕಿಟಕಿ. ಮೇಲಿನದು ಇಪ್ಪತ್ತೆರಡು ಇಂಚು ದೂರದ ನಟ್ಟಿಗೆ, ಕೆಳಗಿನದು ಕೈಯಲ್ಲಿರುವ ಸ್ಪ್ಯಾನರಿಗೆ, ನಡುವಿನ ಜಾಗ ನಡೆದಾಡಲು. ಅಕ್ಕ ಎಷ್ಟೋ ವರ್ಷಗಳ ಮೇಲೆ ತಾವೇ ಚಕ್ರದ ಮುಂದೆ ಕೂತು ಅಂಚು ಉಜ್ಜಿದರು. "ಇದನ್ನ ಹಾಕ್ಕೊಂಡು ಕಾಣಲಿಲ್ಲ ಅಂದ್ರೆ ನಟ್ಟೇ ಇಲ್ಲ ಅಂತ ಅರ್ಥ" ಎಂದು ಭಾನುವಾರ ಕೈಗಿತ್ತರು.

ಸೋಮವಾರ ಫೋರ್‌ಮನ್ ಒಂದು ಬಸ್ಸಿನಡಿ ಎರಡು ನಟ್ಟುಗಳನ್ನು ಬೇಕೆಂದೇ ಸಡಿಲ ಬಿಟ್ಟು ದೊಡ್ಡಪ್ಪನನ್ನು ಇಳಿಸಿದರು. ಅಕ್ಕ ಪಿಟ್ಟಿನ ಅಂಚಿನಲ್ಲಿ ಕೈಕಟ್ಟಿ ನಿಂತಿದ್ದರು. ನಾನು ಆಫೀಸಿಗೆ ಹೊಟ್ಟೆನೋವೆಂದು ಹೇಳಿ ಬಂದಿದ್ದೆ.

"ಒಂದು ಸಿಕ್ತು." ಸ್ಪ್ಯಾನರಿನ ಸದ್ದು. "ಎರಡು." ಮತ್ತೆ ಸದ್ದು. ಆಮೇಲೆ ಅವರ ಹೆಜ್ಜೆ ಪಿಟ್ಟಿನ ಉದ್ದಕ್ಕೂ ನಿಧಾನವಾಗಿ ಸಾಗಿತು.

"ಸಾಕು ಬನ್ನಿ ಮೇಸ್ತ್ರಿ, ಅಷ್ಟೇ ಇದ್ದದ್ದು" ಎಂದರು ಫೋರ್‌ಮನ್.

"ಅಷ್ಟೇ ಅಲ್ಲ ಸಾರ್. ಬ್ರೇಕ್ ಪೈಪಲ್ಲಿ ಕೂದಲೆಳೆಯಷ್ಟು ಸೀಳಿದೆ. ಇದನ್ನೂ ನೀವೇ ಬಿಟ್ರಾ?"

ಫೋರ್‌ಮನ್ ಟಾರ್ಚು ಹಿಡಿದು ಕೆಳಗಿಳಿದರು. ನೋಡಿದರು. ಮೇಲೆ ಬಂದು, "ಈ ಬಸ್ಸು ಇವತ್ತು ಹೊರಡಲ್ಲ. ಮೇಸ್ತ್ರಿ ಪಿಟ್ಟಲ್ಲೇ ಇರ‍್ತಾರೆ" ಎಂದಷ್ಟೇ ಹೇಳಿ ಹೋದರು. ನಕ್ಕಿದ್ದವರೆಲ್ಲ ಆ ಕನ್ನಡಕ ಹಾಕಿ ನೋಡಲು ಸಾಲುಗಟ್ಟಿದರು.

ದೊಡ್ಡಪ್ಪ ಕೈ ಒರೆಸಿಕೊಳ್ಳುತ್ತಾ ಮೇಲೆ ಬಂದರು. ಗೆದ್ದವರಿಗೆ ಧೈರ್ಯ ಹೆಚ್ಚು. ಎಲ್ಲರ ಎದುರೇ ಕೇಳಿಬಿಟ್ಟರು: "ಅಕ್ಕಾ, ಒಂದು ಮಾತು. ಅವತ್ತು ನಾನು ಪೇಪರ್ ಓದೋ ನಾಟಕ ಆಡಿದ್ನಲ್ಲ, ಅದು ಸುಳ್ಳು ಅಂತ ನಿಮಗೆ ಗೊತ್ತಾಗ್ಲಿಲ್ವಾ?"

"ಗೊತ್ತಾಗಿತ್ತು" ಎಂದರು ಅಕ್ಕ. "ಊಟದ ಹೊತ್ತು ಮೀರಿತ್ತು, ಹಸಿವಾಗಿತ್ತು. ಕೇಳೋಕೆ ಬೇಜಾರಾಯ್ತು. ತಪ್ಪು ನಂದೇ."