ಮೂರು ಗಂಟೆಯ ಪಾಳಿ

ಹೊಳೆನರಸೀಪುರದಲ್ಲಿ ಒಂದು ಟ್ರಸ್ಟಿನವರು ನಡೆಸುವ ಸಣ್ಣ ಡಯಾಲಿಸಿಸ್ ಕೇಂದ್ರವಿದೆ. ಮಿಷನ್ನು ನಾಲ್ಕೇ ನಾಲ್ಕು. ಒಬ್ಬರಿಗೆ ಜಾಗ ಸಿಕ್ಕಿತೆಂದರೆ ವಾರಕ್ಕೆ ಮೂರು ದಿನ ಅದೇ ಮಿಷನ್ನು, ಅದೇ ಹೊತ್ತು. ಆ ಜಾಗ ಖಾಲಿಯಾಗುವುದು ಯಾರಾದರೂ ಊರು ಬಿಟ್ಟರೆ, ಇಲ್ಲವೇ ತೀರಿಕೊಂಡರೆ. ಊರು ಬಿಡುವವರು ಕಡಿಮೆ. ಹಾಗೆ ಖಾಲಿಯಾಗುವ ಜಾಗಕ್ಕೆ ಕಾಯುವವರ ಪಟ್ಟಿ ನೋಡಿಕೊಳ್ಳುವ ಆಪ್ ಮಾಡಿಕೊಟ್ಟವಳು ನಾನು. ಇದನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ ಕಾಲವೂ ಇತ್ತು. ಈಗ ಯಾರಾದರೂ ಕೇಳಿದರೆ ಮಾತು ಬದಲಾಯಿಸುತ್ತೇನೆ.

ನಮ್ಮ ಆಫೀಸು ಅಂದರೆ ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನ ಹಿಂದೆ, ಕೊಬ್ಬರಿ ಅಂಗಡಿಯ ಮೇಲಿನ ಒಂದು ರೂಮು. ನಾನು, ನನ್ನ ಮೈದುನ, ಇಬ್ಬರೇ. ಅವನಿಗೆ ಕೋಡು ಬರೆಯಲು ಬರುತ್ತದೆ, ಜನರ ಹತ್ತಿರ ಮಾತಾಡಲು ಬರುವುದಿಲ್ಲ. ನನಗೆ ಎರಡೂ ಬರುತ್ತದೆಂದು ನಾನು ನಂಬಿಕೊಂಡಿದ್ದೆ.

ಮೊದಲು ಜಾಗ ಖಾಲಿಯಾದರೆ ಕೇಂದ್ರದ ನರ್ಸಮ್ಮನೇ ಪಟ್ಟಿ ಹಿಡಿದು ಫೋನ್ ಮಾಡುತ್ತಿದ್ದರು. ಕೆಲವರು ಎತ್ತುತ್ತಿರಲಿಲ್ಲ, ಕೆಲವರ ನಂಬರೇ ಬದಲಾಗಿರುತ್ತಿತ್ತು. ಜಾಗ ತಪ್ಪಿದವರು ಬಾಗಿಲಿಗೆ ಬಂದು, "ನಿಮ್ಮೋರ್ಗೆ ಕೊಟ್ಕಂಡ್ರಿ ಬುಡಿ" ಎಂದು ಜಗಳ ತೆಗೆಯುತ್ತಿದ್ದರು. ಅದಕ್ಕೇ ಟ್ರಸ್ಟಿನವರು ನಮ್ಮನ್ನು ಕರೆಸಿದ್ದು. ನಾನು ನಿಯಮ ಬರೆದೆ. ಬೆಳಿಗ್ಗೆ ರೋಗಿಯ ಫೋನಿನಲ್ಲಿರುವ ಆಪಿಗೆ ಮೆಸೇಜು ಹೋಗಬೇಕು. ಸಂಜೆ ಐದರೊಳಗೆ "ಬರುತ್ತೇನೆ" ಎಂದು ಒತ್ತಬೇಕು. ಒತ್ತದಿದ್ದರೆ ಜಾಗ ಮುಂದಿನವರಿಗೆ. ಐದು ಗಂಟೆ ಅಂದರೆ ಐದೇ ಗಂಟೆ, ಇಲ್ಲಿ ಮುಖ ನೋಡಿ ಮಣೆ ಹಾಕುವ ಮಾತೇ ಇಲ್ಲ ಎಂದು ಮೇಜು ಕುಟ್ಟಿ ಹೇಳಿದ್ದೆ.

ಮೆಸೇಜು ಮುಟ್ಟಿಸುವ ಕೆಲಸ ಮಾತ್ರ ನಮ್ಮದಲ್ಲ. ಅದಕ್ಕೆಂದೇ ಕಂಪನಿಗಳಿವೆ. ನಮ್ಮ ಆಪು "ಇಂಥವರಿಗೆ ಇಂಥ ಮಾತು" ಎಂದು ಅವರಿಗೆ ಒಪ್ಪಿಸಿದರೆ, ಅವರು ಫೋನಿಗೆ ಮುಟ್ಟಿಸಿ ವರದಿ ಕೊಡುತ್ತಾರೆ. ಪರದೆಯಲ್ಲಿ ಪ್ರತಿ ಮೆಸೇಜಿನ ಪಕ್ಕ "ತಲುಪಿದೆ" ಎಂಬ ಹಸಿರು ಗುರುತು ಬೀಳುತ್ತದೆ. ಮೊದಲ ಸಲ ಅದು ಬಿದ್ದಾಗ ಮೈದುನ, "ನೋಡಿ ಅತ್ಗೆ, ಎಂಗೆ ಓಯ್ತು!" ಎಂದು ಕುರ್ಚಿಯಿಂದ ಎದ್ದೇಬಿಟ್ಟ.

ಆ ಕಂಪನಿಯವರು ಕೇಳಿದ್ದು ಒಂದೇ. ಪ್ರತಿಯೊಬ್ಬ ರೋಗಿಗೂ ಇನ್ನೊಬ್ಬರಿಗೆ ಇಲ್ಲದಂಥ ಒಂದು ಗುರುತು. ಫೋನ್ ನಂಬರ್ ಕೊಡೋಣ ಅತ್ಗೆ ಎಂದು ಮೈದುನ ಹೇಳಿದ. ನಮ್ಮ ಜನ ನಂಬರನ್ನು ಬಟ್ಟೆ ಬದಲಾಯಿಸಿದ ಹಾಗೆ ಬದಲಾಯಿಸುತ್ತಾರೆ, ಈಮೇಲ್ ಕೊಡು, ಅದು ಯಾವತ್ತೂ ಒಂದೇ ಎಂದು ಅವನ ಬಾಯಿ ಮುಚ್ಚಿಸಿದೆ. ಹೊಸ ಫೋನ್ ಕೊಂಡವರಿಗೆ ಹಳೆಯದಕ್ಕೂ ಹೊಸದಕ್ಕೂ ಎರಡೆರಡು ಸಲ ಹೋಗಬಾರದೆಂದು, ಒಂದು ಈಮೇಲಿಗೆ ಕೊನೆಗೆ ಸೇರಿದ ಫೋನನ್ನು ಮಾತ್ರ ಇಟ್ಟುಕೊಳ್ಳುವ ಹಾಗೆಯೂ ಮಾಡಿಸಿದೆ. ಎಷ್ಟು ಬುದ್ಧಿವಂತೆ ನೋಡಿ ನಾನು.

ಪಟ್ಟಿಯಲ್ಲಿ ಹಳೇಕೋಟೆ ಕಡೆಯ ಒಬ್ಬ ಹೆಂಗಸಿದ್ದಳು. ಊರ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು, ನಲವತ್ತು ದಾಟಿರಲಿಲ್ಲ. ಆಪ್ ಶುರುವಾದ ದಿನ ಕೇಂದ್ರಕ್ಕೆ ಬಂದು, ಆಪ್ ಹಾಕಿಕೊಡಿ ಎಂದು ಫೋನನ್ನು ಸೆರಗಿನಲ್ಲಿ ಒರೆಸಿ ನನ್ನ ಕೈಗೆ ಕೊಟ್ಟಿದ್ದಳು. ಫೋನಿನಲ್ಲಿದ್ದ ಈಮೇಲಿನಿಂದಲೇ ಅವಳನ್ನು ಸೇರಿಸಿದ್ದೆ. ಆಗ ಅವಳು ವಾರಕ್ಕೆ ಮೂರು ದಿನ ಹಾಸನಕ್ಕೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದಳು. ಅಲ್ಲಿ ಬೆಳಗಿನ ಪಾಳಿ. ಆ ಮೂರು ದಿನ ಶಾಲೆಯ ಒಲೆಯನ್ನು ಜೊತೆಯವಳೊಬ್ಬಳೇ ನೋಡಿಕೊಳ್ಳಬೇಕು.

"ಇಲ್ಲಿ ಮೂರ್ ಗಂಟೆ ಪಾಳಿ ಸಿಕ್ಬುಟ್ರೆ ಸಾಕು ಕಣಕ್ಕ" ಅಂದಿದ್ದಳು. "ಮಕ್ಳಿಗೆ ಬಡ್ಸಿ, ಪಾತ್ರೆ ತೊಳ್ದು, ಬಸ್ ಅತ್ಕಂಡ್ ಬಂದ್ಬುಡ್ತೀನಿ. ಕೆಲ್ಸ ಉಳೀತದೆ."

ಆ ಪಾಳಿ ಒಂದು ದಿನ ಖಾಲಿಯಾಯಿತು. ಪಟ್ಟಿಯಲ್ಲಿ ಮೊದಲ ಹೆಸರು ಅವಳದೇ. ಬೆಳಿಗ್ಗೆ ಒಂಬತ್ತಕ್ಕೆ ಮೆಸೇಜು ಹೋಯಿತು, ಹಸಿರು ಗುರುತು ಬಿತ್ತು. ಉತ್ತರ ಬರಲಿಲ್ಲ. ಮಧ್ಯಾಹ್ನವೂ ಬರಲಿಲ್ಲ. ಒಂದು ಫೋನ್ ಮಾಡಲೇ ಎಂದು ನರ್ಸಮ್ಮ ಕೇಳಿದರು. "ತಲುಪಿದೆ ಅಂತ ತೋರಿಸ್ತಾ ಇದೆಯಲ್ಲ ಸಿಸ್ಟರ್. ಒಬ್ಬರಿಗೆ ಫೋನ್ ಮಾಡಿದರೆ ಎಲ್ಲರಿಗೂ ಮಾಡಬೇಕಾಗುತ್ತೆ" ಎಂದೆ. ಐದಾಯಿತು. ಜಾಗ ಅರಕಲಗೂಡಿನ ಕಡೆಯ ಒಬ್ಬರಿಗೆ ಹೋಯಿತು. ಅವರು ಕೂಡಲೇ ಒತ್ತಿದರು. ನಾನು ಟೀ ಕುಡಿದು ಮನೆಗೆ ಹೋದೆ.

ಎರಡು ವಾರದ ಮೇಲೆ ಅವಳು ಕೇಂದ್ರಕ್ಕೆ ಬಂದು, "ಇನ್ನೂ ನನ್ ಸರದಿ ಬರ್ನಿಲ್ವಾ?" ಎಂದು ಕೇಳಿದಳಂತೆ. ನರ್ಸಮ್ಮ ಫೋನ್ ಮಾಡಿ ಇದನ್ನು ಹೇಳಿದರು. ಮೆಸೇಜು ಮುಟ್ಟಿಸುವ ಕಂಪನಿಗೆ ಬರೆದೆ. ನಮ್ಮ ಕಡೆಯಿಂದ ಎಲ್ಲ ಸರಿಯಾಗಿದೆ, ಮೆಸೇಜು ತಲುಪಿದೆ, ಬೇರೇನಾದರೂ ಸಹಾಯ ಬೇಕೇ ಎಂದು ಉತ್ತರ ಬಂತು. ಕಂಪ್ಯೂಟರನ್ನು ಎತ್ತಿ ಕಿಟಕಿಯಿಂದಾಚೆ ಎಸೆಯುವಷ್ಟು ಕೋಪ ಬಂತು. ಮೈದುನನನ್ನು ಬಾಯಿಗೆ ಬಂದಂತೆ ಬೈದೆ. ಅವನು ತಲೆ ತಗ್ಗಿಸಿ ಕೂತು ಒಂದೊಂದೇ ಸಾಲು ನೋಡಿ, "ಅತ್ಗೆ, ಮೆಸೇಜ್ ಓಗಿರೋದು ಅವ್ರ ಫೋನ್‌ಗಲ್ಲ, ಬೇರೆ ಯಾವ್ದೋ ಫೋನ್‌ಗೆ" ಎಂದ. ಈಮೇಲ್ ಮಾತ್ರ ಅವಳದೇ.

ಫೋನ್ ಎಲ್ಲಿ ಕೊಂಡೆ ಎಂದು ಅವಳನ್ನು ಕೇಳಿಕೊಂಡು ಹಳೇಕೋಟೆಗೆ ಹೋದೆವು. ಅವಳು ಫೋನ್ ಕೊಂಡಿದ್ದ ಮೊಬೈಲ್ ಅಂಗಡಿಯವನ ಮುಂದೆ ಆ ಈಮೇಲ್ ಹಿಡಿದೆ. ಅವನು ನಕ್ಕ.

"ಇದು ನಂದೇ ಅಲ್ವಾ ಅಕ್ಕ! ಇಲ್ಯಾರ್ಗಿರ್ತದೆ ಈಮೇಲು? ಯಾರ್ ಒಸಾ ಫೋನ್ ತಕಂಡ್ರೂ ನಂದೇ ಆಕ್ಕೊಡ್ತೀನಿ. ಪಾಸ್ವರ್ಡ್ ಮರ್ತೋದ್ರೆ ನನ್ ತಾವ್ಕೇ ಬತ್ತಾರೆ."

"ನಿನ್ನ ಫೋನಿನಲ್ಲೂ ಈ ಆಪ್ ಇದೆಯಾ?"

"ಆಯಮ್ಮ ತೋರ್ಸುದ್ರಲ್ಲ, ಎಂಗದೆ ನೋಡನ ಅಂತ ನಾನೂ ಆಕ್ಕಂಡೆ. ಯಾಕಕ್ಕ?"

ಕೊನೆಗೆ ಸೇರಿದ ಫೋನು ಅವನದು. ಅವನು ಸೇರಿದ ಗಳಿಗೆಯಲ್ಲೇ ನಮ್ಮ ಆಪು ಅವಳ ಫೋನನ್ನು ಕೈಬಿಟ್ಟಿತ್ತು. ಅವಳ ಮೆಸೇಜು ಅವನ ಜೇಬಿಗೆ ಬಂದು, ಜಾಹೀರಾತುಗಳ ಜೊತೆಗೆ ಅಳಿಸಿಹೋಗಿತ್ತು. "ದಿನಾ ನೂರಾರು ಬತ್ತವೆ, ಯಾವ್ದಂತ ಓದಾನ?" ಎಂದ. ಅವನನ್ನು ಬೈದು ಏನು ಬಂತು? ಊರಿನವರಿಗೆ ಉಪಕಾರ ಮಾಡಿದವನು ಅವನು. ಈ ಊರುಗಳಲ್ಲೇ ಹುಟ್ಟಿ ಬೆಳೆದೂ ಇಲ್ಲಿ ಫೋನು ಹೇಗೆ ಕೊಳ್ಳುತ್ತಾರೆಂದು ತಿಳಿಯದವಳು ನಾನು.

ಅಲ್ಲಿಂದ ಶಾಲೆಗೆ ಹೋದೆ. ಅವಳು ಹಿಂದಿನ ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದಳು. ತಪ್ಪು ನಮ್ಮದು, ನಿನ್ನ ಜಾಗ ಬೇರೆಯವರಿಗೆ ಹೋಯಿತು ಎಂದು ನಿಂತೇ ಹೇಳಿದೆ. ಅವಳು ರೇಗಿದ್ದರೆ ಚೆನ್ನಾಗಿತ್ತು. "ಅವ್ರ್ಗೂ ಮಕ್ಳಿದ್ದಾವೇನೋ, ಬುಡಿ" ಎಂದು ಮತ್ತೆ ಅಕ್ಕಿಗೆ ಕೈಹಾಕಿದಳು. ಒಂದು ಕಲ್ಲು ಆರಿಸಿ ಎಸೆದು, "ಇನ್ನೊಂದ್ ಯಾವಾಗ ಖಾಲಿ ಆಯ್ತದೆ?" ಎಂದಳು. ಕೇಳಿದ ಮೇಲೆ ತಾನೇ ನಾಲಿಗೆ ಕಚ್ಚಿಕೊಂಡಳು.

ಆಪನ್ನು ಸರಿಮಾಡಿದೆವು. ಫೋನ್ ನಂಬರ್ ಇಟ್ಟೆವು. ಮೆಸೇಜಿನ ಜೊತೆಗೆ ಕರೆಯೂ ಹೋಗುವಂತೆ ಮಾಡಿದೆವು. ಪಟ್ಟಿಯಲ್ಲಿದ್ದ ಪ್ರತಿಯೊಬ್ಬರ ಮನೆಗೂ ಹೋಗಿ ಫೋನು ನೋಡಿ ಬಂದೆವು. ಇದನ್ನೆಲ್ಲ ಮೊದಲೇ ಮಾಡಬಹುದಿತ್ತಲ್ಲ ಎಂದು ಮೈದುನ ಒಮ್ಮೆಯೂ ಹೇಳಲಿಲ್ಲ, ಒಳ್ಳೆಯವನು. ತಿಂಗಳುಗಳು ಕಳೆದವು, ಜಾಗ ಖಾಲಿಯಾಗಲಿಲ್ಲ. ಯಾರೂ ಸಾಯದಿರಲಿ ಅಂದುಕೊಳ್ಳುತ್ತಿದ್ದೆ, ಮರುಗಳಿಗೆಗೆ ಜಾಗ ಖಾಲಿಯಾಯಿತೇ ಎಂದು ಪರದೆ ತೆಗೆದು ನೋಡುತ್ತಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಗುತ್ತಿತ್ತು.

ಅಷ್ಟರಲ್ಲಿ ಶಾಲೆಯಲ್ಲಿ ತಕರಾರು ಬಂದಿತ್ತು. ವಾರದಲ್ಲಿ ಮೂರು ದಿನ ಬಾರದವಳನ್ನು ಎಷ್ಟು ದಿನ ಇಟ್ಟುಕೊಳ್ಳುವುದು, ಬೇರೆಯವಳನ್ನು ಹಾಕಿ ಎಂದು. ಅವಳು ಯಾರಿಗೂ ಹೇಳದೆ ಹಾಸನದ ಡಯಾಲಿಸಿಸ್ಸನ್ನು ವಾರಕ್ಕೆ ಒಂದು ದಿನ ಬಿಟ್ಟಳು. ಆಮೇಲೆ ಕೆಲವು ವಾರ ಎರಡು ದಿನ ಬಿಟ್ಟಳು. ಕೆಲಸ ಉಳಿಯಿತು. ಕಾಲು ಊದಿತ್ತು, ಮುಖ ಊದಿತ್ತು. ಚೆನ್ನಾಗಿ ಮೈ ಬಂದಿದೆ ಎಂದು ಊರವರು ಅಂದರಂತೆ.

ಕೊನೆಗೆ ಒಂದು ಸೋಮವಾರ ಮೂರು ಗಂಟೆಯ ಪಾಳಿಯೇ ಮತ್ತೆ ಖಾಲಿಯಾಯಿತು. ಮೆಸೇಜು ಹೋಯಿತು, ಕರೆ ಹೋಯಿತು, ನಾನೂ ಫೋನ್ ಮಾಡಿದೆ. "ಬಂತು ಕಣಕ್ಕ, ಒತ್ದೆ, ಒತ್ದೆ!" ಎಂದಳು. ಏದುಸಿರು ಬಿಡುತ್ತಿದ್ದಳು, ಖುಷಿಗೆ ಇರಬೇಕು ಅಂದುಕೊಂಡೆ. ಅವಳು ಮೊದಲ ದಿನ ಮಿಷನ್ನಿನ ಪಕ್ಕ ಮಲಗುವುದನ್ನು ಕಣ್ಣಾರೆ ನೋಡಬೇಕೆಂದು ಮರುದಿನ ನಾನೂ ಬಸ್ ಹತ್ತಿದೆ.

ಗಂಡನ ಹೆಗಲು ಹಿಡಿದು ಕೇಂದ್ರದ ಮೆಟ್ಟಿಲು ಹತ್ತಿದಳು. ಮೂರು ಮೆಟ್ಟಿಲಿಗೆ ಎರಡು ಸಲ ನಿಂತಳು. ಡಾಕ್ಟರು ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು, ತೆಗೆದು, ಮತ್ತೆ ಇಟ್ಟರು. ಶ್ವಾಸಕೋಶದಲ್ಲಿ ನೀರು ತುಂಬಿದೆ, ಹೃದಯ ಸೋತಿದೆ, ಇಂಥವರನ್ನು ಇಲ್ಲಿ ಮಿಷನ್ನಿಗೆ ಹಾಕುವಂತಿಲ್ಲ, ಐಸಿಯು ಇರುವ ಕಡೆಗೇ ಹೋಗಬೇಕು ಎಂದರು. ಆಂಬುಲೆನ್ಸಿಗೆ ಹೇಳಿದರು. ಇವತ್ತೊಂದು ದಿನ ನೋಡಿ ಸಾರ್ ಎಂದು ನಾನು ಕೈಮುಗಿದೆ. ಅವರು ಹಾಸನದ ಆಸ್ಪತ್ರೆಗೆ ಚೀಟಿ ಬರೆಯತೊಡಗಿದರು.

ಸ್ಟ್ರೆಚರಿನ ಮೇಲೆ ಮಲಗಲು ಅವಳಿಗೆ ಆಗುತ್ತಿರಲಿಲ್ಲ, ಎದ್ದು ಕೂತೇ ಇದ್ದಳು. ನನ್ನ ಕೈ ಹಿಡಿದು ಕೇಳಿದಳು: "ನಾನ್ ಬರಗಂಟ ನನ್ ಜಾಗ ಇಟ್ಟಿರ್ತಾರಾ ಅಕ್ಕ?"

"ಇಟ್ಟಿರ್ತಾರೆ ಕಣಮ್ಮ. ನಾನೇ ನೋಡ್ಕೋತೀನಿ" ಎಂದೆ.

ಬಾಗಿಲು ಮುಚ್ಚಿದರು. ಆಂಬುಲೆನ್ಸು ಹಾಸನದ ರಸ್ತೆಗೆ ತಿರುಗಿತು. ಒಳಗೆ ಮಿಷನ್ನು ಸಿದ್ಧಮಾಡಿಟ್ಟಿದ್ದರು. ನರ್ಸಮ್ಮ ನನ್ನ ಮುಖ ನೋಡದೆ, "ಮುಂದಿನವರಿಗೆ ಕಳಿಸಿಬಿಡಿ ಮೇಡಂ, ಅವರಾದರೂ ಬರಲಿ" ಎಂದರು. ಫೋನ್ ತೆಗೆದು ಅವಳ ಹೆಸರಿನ ಮುಂದೆ "ಜಾಗ ಬೇಡ" ಎಂದು ನನ್ನ ಕೈಯಾರೆ ಹಾಕಿದೆ. ಹಾಗೆ ಹಾಕದಿದ್ದರೆ ಜಾಗ ಮುಂದಿನವರಿಗೆ ಹೋಗದಂತೆ ನಿಯಮ ಬರೆದವಳೂ ನಾನೇ. ಮೆಸೇಜು ಹೋಯಿತು. ಎರಡೇ ನಿಮಿಷಕ್ಕೆ ಉತ್ತರ ಬಂತು: ಬರುತ್ತೇನೆ.