ಡಬ್ಬಿಯಲ್ಲಿ ಉಳಿದ ಮಾತ್ರೆಗಳು

ಮೊದಲು ಕೈಕೊಟ್ಟದ್ದು ಹೊಟ್ಟೆ.

ಗಂಟಲು ಕೆರೆತಕ್ಕೆ ಹೆದರಿ ಹಳೇ ಆ್ಯಂಟಿಬಯೋಟಿಕ್ ನುಂಗಿದ್ದೆ. ಒಂದೇ ತಿಂಗಳಲ್ಲಿ ಮೂರು ಸಲ. ಅಜ್ಜಂಪುರದ ನಮ್ಮ ಮನೆಯಲ್ಲಿ ಉಳಿದ ಮಾತ್ರೆ ಎಸೆಯುವ ಪದ್ಧತಿಯಿಲ್ಲ. ಯಾರಿಗಾದರೂ ಬೇಕಾಗುತ್ತದೆಂದು ಬಿಸ್ಕತ್ತಿನ ಡಬ್ಬಿಗೆ ಹಾಕಿಡುತ್ತೇವೆ. ಹೀಗೆ ನುಂಗಿದವನು ತರೀಕೆರೆಯ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷದಿಂದ ಬ್ಯಾಕ್ಟೀರಿಯಾ ಪಾಠ ಮಾಡುವ ವಿಜ್ಞಾನದ ಮೇಷ್ಟ್ರು. ಅಂದರೆ ನಾನೇ.

ಭೇದಿ ಹಿಡಿಯಿತು. ವಾರಗಟ್ಟಲೆ ಬಿಡಲಿಲ್ಲ. ಆಮೇಲೆ ಒಂದು ಬೆಳಿಗ್ಗೆ, ಶಾಲೆಗೆ ಹೋಗುವ ಬಸ್ಸಿನಲ್ಲಿ ಎದೆ ಡವಗುಟ್ಟಿ, ಕೈ ಬೆವೆತು, ಉಸಿರು ಸಿಕ್ಕದೆ ನಡುದಾರಿಯಲ್ಲೇ ಇಳಿದುಬಿಟ್ಟೆ.

ಮರುದಿನ ಬಸ್ಸು ಹತ್ತಲಾಗಲಿಲ್ಲ.

ಕಡೂರಿನ ಆಸ್ಪತ್ರೆಯಲ್ಲಿ ಇಸಿಜಿ ನಾರ್ಮಲ್ ಬಂತು. ಚಿಂತೆ ನನ್ನ ಉಪಕಸುಬು. ನಾರ್ಮಲ್ ಬಂದದ್ದಕ್ಕೂ ಚಿಂತೆಯಾಯಿತು. ಡಾಕ್ಟರಮ್ಮ ಹೇಳಿದರು: "ಹೊಟ್ಟೇಲಿರೋ ಬ್ಯಾಕ್ಟೀರಿಯಾಕ್ಕೂ ಮಿದುಳಿಗೂ ಸಂಬಂಧ ಇದೆ ಮೇಷ್ಟ್ರೇ. ಭಯ ಹೊಟ್ಟೆ ಕೆಡಿಸುತ್ತೆ, ಕೆಟ್ಟ ಹೊಟ್ಟೆ ಭಯ ಹೆಚ್ಚಿಸಬಹುದು. ಎಷ್ಟು ಅಂತ ಇನ್ನೂ ಪೂರ್ತಿ ಗೊತ್ತಿಲ್ಲ. ನಿಮ್ಮ ಹಳೇ ಮಾತ್ರೇನೇ ಕಾರಣ ಅಂತ್ಲೂ ಹೇಳಲಾರೆ. ಎರಡಕ್ಕೂ ಟ್ರೀಟ್‌ಮೆಂಟ್ ತಗೊಳ್ಳಿ."

ಹೊಟ್ಟೆಗೆ ಪಥ್ಯ, ಭಯಕ್ಕೆ ಮಾತ್ರೆ ಮತ್ತು ಕೌನ್ಸೆಲಿಂಗ್.

ಯಗಟಿಯಿಂದ ಅಕ್ಕ ಬಂದಳು. "ಭೇದಿ ಅಂತ ಹೇಳ್ಕೋ. ಭಯದ ಮಾತ್ರೆ ವಿಷ್ಯ ಬಾಯಿಬಿಡಬೇಡ ಕಣೋ. ಮೇಷ್ಟ್ರಿಗೆ ತಲೆ ಕೆಟ್ಟಿದೆ ಅಂದ್ರೆ ಯಾರು ಮಕ್ಳನ್ನ ಕಳಿಸ್ತಾರೆ?"

"ಭೇದಿ ಅಂದ್ರೆ ಭಾರೀ ಮರ್ಯಾದೆನಾ ಅಕ್ಕ?"

"ಅದು ಎಲ್ರಿಗೂ ಆಗುತ್ತೆ."

"ಇದೂ ಆಗುತ್ತೆ."

ಅಕ್ಕ ಎದ್ದು ಒಳಗೆ ಹೋಗಿ ನನ್ನ ಪಥ್ಯದ ಗಂಜಿಗೆ ನೀರಿಟ್ಟಳು.

ಹೆಡ್‌ಮಾಸ್ಟರು ದೀರ್ಘ ರಜೆ ಹಾಕಿ ಅಂದರು. ಹಾಕಿದರೆ ಮತ್ತೆ ಆ ತರಗತಿಗೆ ಕಾಲಿಡಲಾರೆ ಎಂದು ನನಗೆ ಗೊತ್ತಿತ್ತು. ಹಾಕಲಿಲ್ಲ. ಹೆಂಡತಿ ಸರೋಜ ಒಂದು ವಾರ ಬಸ್ಸಿನಲ್ಲಿ ಪಕ್ಕ ಕೂತಳು. "ಇಳೀಬೇಕು ಅನ್ಸಿದ್ರೆ ಇಳಿಯೋಣ ಕಣ್ರೀ. ಹಿಂದೇನೇ ಇನ್ನೊಂದು ಬಸ್ಸು ಬತ್ತದೆ." ಎರಡು ಸಲ ಇಳಿದೆವು. ಎರಡು ಸಲವೂ ಹಿಂದೆ ಬಂದ ಬಸ್ಸು ಹತ್ತಿದೆವು, ಮನೆಯ ಕಡೆಗಲ್ಲ, ತರೀಕೆರೆಗೇ.

ಎಂಟನೇ ದಿನ ಒಬ್ಬನೇ ಹೋದೆ. ಬಿಸ್ಕತ್ತಿನ ಡಬ್ಬಿಯನ್ನು ತರಗತಿಗೇ ಒಯ್ದು ಮೇಜಿನ ಮೇಲಿಟ್ಟೆ. "ಡಾಕ್ಟರನ್ನ ಕೇಳದೆ ಇದರಿಂದ ತೆಗೆದು ನುಂಗಿದ್ದು ನನ್ನ ತಪ್ಪು. ಈಗ ಕೇಳಿಕೊಂಡು, ಬಸ್ಸಲ್ಲಿ ಉಸಿರು ಸಿಕ್ಕದ ಹಾಗೆ ಬರೋ ಭಯಕ್ಕೆ ಮಾತ್ರೆ ತಗೊಳ್ತಿದ್ದೀನಿ. ಅದು ತಪ್ಪಲ್ಲ."

ಯಾರೂ ನಗಲಿಲ್ಲ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ನಮ್ಮಮ್ಮಂಗೂ ಬಸ್ಸಲ್ಲಿ ಹಂಗೇ ಆಯ್ತದೆ ಸಾರ್. ಯಾವ್ ಆಸ್ಪತ್ರೆ?"

ಕಡೂರಿನ ಆಸ್ಪತ್ರೆಯ ಹೆಸರನ್ನು ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದೆ. ಹಿಂದಿನ ಬೆಂಚಿಗೂ ಕಾಣುತ್ತಿತ್ತು.