ನಮ್ಮ ಓಣಿಯ ಶಾಣ್ಯಾ ಹುಡುಗಿ

ಕಾಲುವೆಗೆ ನೀರು ಬಿಟ್ಟರೆಂದರೆ ಬಳಗಾನೂರಿನ ನಮ್ಮ ಓಣಿಯ ಹೆಂಗಸರೆಲ್ಲ ಭತ್ತದ ನಾಟಿಗೆಂದು ಟ್ರ್ಯಾಕ್ಟರ್ ಹತ್ತುತ್ತಿದ್ದ ಕಾಲ ಅದು. ಮಕ್ಕಳಿಗೆ ಅದೇ ಹಬ್ಬ. ಬೈಯುವವರಿಲ್ಲ, ತಿನ್ನಲು ಬೆಳಗಿನ ಮಂಡಾಳ ಒಗ್ಗರಣೆ, ಅಂಗಳದ ತುಂಬ ಕುಂಟಾಬಿಲ್ಲೆ. ಕಾಕಾನ ಮಗಳು ನೀಲಾಳಿಗೆ ಆಗ ಆರು ವರ್ಷ, ನನಗೆ ಎಂಟು. ಗೆರೆ ತುಳಿದೂ ಇಲ್ಲವೆಂದು ಆಣೆ ಮಾಡುವ ಮೋಸಗಾತಿ ಅವಳು. ಸೋತರೆ ಬಿಲ್ಲೆಯನ್ನೇ ಚರಂಡಿಗೆ ಎಸೆಯುತ್ತಿದ್ದಳು.

ಆ ವರ್ಷ ಹಟ ಹಿಡಿದು ತಾನೂ ತನ್ನವ್ವನ, ಅಂದರೆ ನಮ್ಮ ಚಿಗವ್ವನ, ಜೊತೆ ನಾಟಿಗೆ ಹೊರಟಳು. ಕಾಲುವೆ ಏರಿಯ ಮೇಲೆ ಟ್ರಾಲಿ ಮಗುಚಿತು. ಚಿಗವ್ವ ಅದರಡಿ ಸಿಕ್ಕು ಸತ್ತಳು. ನೀಲಾಳ ಮೈಮೇಲೆ ಒಂದು ಗೀರೂ ಇರಲಿಲ್ಲ. ಜನ ಬರುವತನಕ ಅವ್ವನ ಕೈ ಹಿಡಿದು ಕೂತಿದ್ದಳಂತೆ.

ಅಂದಿನಿಂದ ಅವಳು ನಮ್ಮ ಮನೆಯಲ್ಲೇ ಇದ್ದಳು. ಅಳಲಿಲ್ಲ, ಹಟ ಮಾಡಲಿಲ್ಲ. ಹೇಳುವ ಮುಂಚೆ ಕಸ ಗುಡಿಸಿದಳು, ಆಟದಲ್ಲಿ ತನ್ನ ಪಾಳಿಯನ್ನೂ ಬಿಟ್ಟುಕೊಟ್ಟಳು. ಹುಡುಗಿ ಎಷ್ಟು ಶಾಣ್ಯಾ ಆಗ್ಯಾಳ ಎಂದು ಓಣಿಗೆ ಓಣಿಯೇ ಹೊಗಳಿತು. ಶಾಲೆಯಲ್ಲಿ ಮೇಷ್ಟ್ರು ಅವಳನ್ನು ಎಲ್ಲರ ಮುಂದೆ ಕೂರಿಸಿ, ಕೂತರೆ ಹೀಗೆ ಕೂರಬೇಕು ಎಂದು ನಮಗೆ ತೋರಿಸಿದರು. ನನಗೆ ಬೀಳುವ ಪ್ರತಿ ಏಟಿನ ಜೊತೆ ಅವಳ ಹೆಸರೂ ಬೀಳುತ್ತಿತ್ತು. ಹೊಟ್ಟೆಕಿಚ್ಚಿನಿಂದ ಕುದ್ದುಹೋದೆ.

ಟ್ರ್ಯಾಕ್ಟರ್ ಸದ್ದಾದರೆ ಅವಳು ಕಿವಿ ಮುಚ್ಚಿಕೊಂಡು ಭತ್ತದ ಚೀಲಗಳ ಹಿಂದೆ ಅಡಗುವುದನ್ನು ನಾನೊಬ್ಬಳೇ ಕಂಡಿದ್ದೆ. ಒಂದು ಮಧ್ಯಾಹ್ನ ಅವಳು ನೀರಿನ ತಂಬಿಗೆ ಹಿಡಿದು ಪಡಸಾಲೆ ದಾಟುತ್ತಿದ್ದಾಗ, ಹಿಂದಿನಿಂದ ಬಾಯಲ್ಲೇ ಡರ್ರೆಂದು ಟ್ರ್ಯಾಕ್ಟರ್ ಓಡಿಸಿದೆ. ನೀಲಾ ತಿರುಗಲಿಲ್ಲ. ನಿಂತಲ್ಲೇ ಉಚ್ಚೆ ಹೊಯ್ದುಕೊಂಡಳು. ಆಮೇಲೆ ಅರಿವೆ ತಂದು ಸದ್ದಿಲ್ಲದೆ ಒರೆಸತೊಡಗಿದಳು. ಅಷ್ಟರಲ್ಲಿ ಬಂದ ನಮ್ಮವ್ವ, ತಂಬಿಗೆಯ ನೀರು ಚೆಲ್ಲಿದೆ ಎಂದುಕೊಂಡಳು.

“ನೋಡು, ಯಾರೂ ಹೇಳದಿದ್ರೂ ಒರಸಾಕತ್ಯಾಳ. ನೀನೂ ಅಕಿನ್ನ ನೋಡಿ ಕಲಿ.”

ನಾನು ಬಾಯಿ ಬಿಡಲಿಲ್ಲ, ನೀಲಾಳೂ ಬಿಡಲಿಲ್ಲ. ಮರುದಿನ ಮತ್ತೆ ಹಾಗೇ ಮಾಡಿದೆ. ಎಂಟು ವರ್ಷದವಳಿಗೇನು ತಿಳಿದೀತು ಎಂದು ಯಾರಾದರೂ ಸಮಾಧಾನ ಹೇಳಿದರೆ ನನಗೆ ಸಿಟ್ಟು ಬರುತ್ತದೆ. ನನಗೆ ತಿಳಿದಿತ್ತು.

ನೀಲಾ ಈಗ ಮಸ್ಕಿಯಲ್ಲಿ ಒಂದು ಮನೆಯ ಸೊಸೆ. ಎದುರು ಮಾತಾಡುವವಳಲ್ಲ ಎಂದು ಅತ್ತೆಮನೆಯವರೂ ಹೊಗಳುತ್ತಾರೆ. ಆ ಹೊಗಳಿಕೆ ಕೇಳಿದಾಗೆಲ್ಲ ನನಗೆ ಬಿಲ್ಲೆಯನ್ನು ಚರಂಡಿಗೆ ಎಸೆಯುತ್ತಿದ್ದ ನೀಲಾ ನೆನಪಾಗುತ್ತಾಳೆ. ಚಿಗವ್ವನನ್ನು ಮಣ್ಣು ಮಾಡಿ ಎಲ್ಲರೂ ಅತ್ತೆವು. ಅದೇ ದಿನ ಇಲ್ಲವಾದ ಆ ಜಗಳಗಂಟಿಗಾಗಿ ಯಾರೂ ಅಳಲಿಲ್ಲ.

ಹೋದ ತಿಂಗಳು ಮಸ್ಕಿಗೆ ಹೋಗಿ ಅವಳೆದುರು ಎಲ್ಲ ಒಪ್ಪಿಕೊಂಡೆ. ಒಮ್ಮೆಯಾದರೂ ನನ್ನನ್ನು ಬೈಯಲಿ ಎಂದೇ ಹೋಗಿದ್ದೆ. ಅವಳು ಚಾ ಸೋಸುತ್ತಲೇ ಅಂದಳು:

“ಇರ್ಲಿ ಬಿಡಕ್ಕ. ನಾ ಅಂಜತೀನಂತ ನಿನಗೊಬ್ಬಾಕಿಗರ ಗೊತ್ತಿತ್ತಲ್ಲ.”